ನೋವಿನ ಖರ್ಚು ಯಾರ ಖಾತೆಗೆ?

ಮುಂಬಯಿಯ ಹೋಟೆಲುಗಳ ಹಾಜರಿ ಪುಸ್ತಕದಲ್ಲಿ ರಜೆಗೆ ಒಂದು ಗುರುತು, ಗೈರುಹಾಜರಿಗೆ ಒಂದು ಗುರುತು, ಅರ್ಧ ದಿನಕ್ಕೆ ಇನ್ನೊಂದು ಗುರುತು ಇರುತ್ತದೆ; ನೋವಿಗೆ ಮಾತ್ರ ಯಾವ ಗುರುತೂ ಇರುವುದಿಲ್ಲ. ಮಾಟುಂಗಾ, ದಾದರ್, ಠಾಣೆ, ಡೊಂಬಿವಲಿಗಳ ಸಣ್ಣ ಹೋಟೆಲುಗಳ ಲೆಕ್ಕಪತ್ರ ಬರೆಯುವುದೇ ನನ್ನ ವೃತ್ತಿಯಾದ್ದರಿಂದ, ಒಬ್ಬ ಮನುಷ್ಯನ ಸೊಂಟವೋ ಮಂಡಿಯೋ ಕೆಡುತ್ತ ಬಂದದ್ದು ಆಸ್ಪತ್ರೆಯ ಕಾಗದಗಳಲ್ಲಿ ದಾಖಲಾಗುವುದಕ್ಕೆ ಎಷ್ಟೋ ಮೊದಲೇ ಸಂಬಳದ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬೀಳುತ್ತದೆ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ಅರ್ಧ ದಿನ ಕಾಣಿಸಿಕೊಳ್ಳುತ್ತದೆ. ಹಿಂದೆಂದೂ ಕೈಚಾಚದವರ ಹೆಸರಿನೆದುರು ಅಡ್ವಾನ್ಸಿನ ಅಂಕಿಗಳು ಬೀಳತೊಡಗುತ್ತವೆ. ಕೊನೆಗೆ ‘ಊರಿಗೆ ಹೋಗಿದ್ದಾರೆ’ ಎಂಬ ಒಂದು ಟಿಪ್ಪಣಿ. ಅದಾದ ಮೇಲೆ ಆ ಹೆಸರು ಪುಸ್ತಕದಲ್ಲಿ ಇರುವುದಿಲ್ಲ.

ನಮ್ಮ ಜನರ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಬಲವಾಗಿ ಬೇರೂರಿದೆ: ಡಾಕ್ಟರ ಹತ್ತಿರ ಹೋದರೆ ಖರ್ಚು, ಸಹಿಸಿಕೊಂಡರೆ ಉಳಿತಾಯ. ಸೊಂಟನೋವು, ಮಂಡಿನೋವು, ಕುತ್ತಿಗೆನೋವು, ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿ, ಸರ್ಪಸುತ್ತು ಮಾಯವಾದ ಮೇಲೂ ಬಿಡದ ನರದ ನೋವು, ಇವೆಲ್ಲವೂ ‘ವಯಸ್ಸಾಯಿತು, ಇದ್ದದ್ದೇ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ಲೆಕ್ಕ ಬರೆಯುವವನಾಗಿ ನಾನು ಇಲ್ಲಿ ಹೇಳಬಯಸುವುದು ಇಷ್ಟೇ: ಚಿಕಿತ್ಸೆ ಇಲ್ಲದೆ ಉಳಿದ ನೋವಿಗೂ ಬಿಲ್ಲು ಬಂದೇ ಬರುತ್ತದೆ. ಅದನ್ನು ಕಟ್ಟುವವರು ಹೆಂಡತಿಯೋ, ಮಗನೋ, ಊರಲ್ಲಿರುವ ತಾಯಿಯೋ, ಕೆಲವೊಮ್ಮೆ ಸ್ವತಃ ಮಾಲೀಕರೋ ಆಗಿರುತ್ತಾರೆ. ಅವರು ಕಟ್ಟುವ ಹಣಕ್ಕೆ ರಸೀದಿ ಇರುವುದಿಲ್ಲವಾದ್ದರಿಂದ ಅದು ಖರ್ಚೆಂದು ಯಾರಿಗೂ ತೋರುವುದಿಲ್ಲ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎಂದು ಕರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದಕ್ಕೆ ಸ್ವತಂತ್ರವಾದ ಶೀರ್ಷಿಕೆಯೇ ದೊರೆತಿದೆ. ಬೇರೆ ಕಾಯಿಲೆಯ ಲಕ್ಷಣವಾಗಿ ಬರುವ ನೋವಿನ ಜೊತೆಗೆ, ನೋವೇ ಕಾಯಿಲೆಯಾಗಿರುವ ಸ್ಥಿತಿಯೂ ಉಂಟೆಂದು ಅಲ್ಲಿ ಒಪ್ಪಲಾಗಿದೆ. ಪೆಟ್ಟಾದ ಜಾಗ ಮಾಗಿದ ಮೇಲೂ ಬೆನ್ನುಹುರಿ ಮತ್ತು ಮಿದುಳಿನ ನರಜಾಲ ಅತಿಸೂಕ್ಷ್ಮವಾಗಿ ಉಳಿದುಬಿಡಬಹುದು. ಹಾಗಾದಾಗ ಮಾಮೂಲಿನ ಚಲನೆ, ಸಾಧಾರಣ ಸ್ಪರ್ಶ ಕೂಡ ನೋವಾಗಿ ಅನುಭವಕ್ಕೆ ಬರುತ್ತದೆ. ನಿದ್ದೆಗೇಡು, ಚಿಂತೆ, ನಾಳೆ ಕೆಲಸ ಹೋದೀತೆಂಬ ಭಯ, ಇವೆಲ್ಲ ಆ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ. ಸಾಲದ ಕಂತು ಹತ್ತಿರ ಬಂದಾಗ ಸೊಂಟದ ನೋವು ಜೋರಾಗುತ್ತದೆಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ.

ಮಾಟುಂಗಾದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಇಪ್ಪತ್ತು ವರ್ಷಕ್ಕೂ ಮೀರಿ ನಿಂತ ಕುಂದಾಪುರ ಕಡೆಯ ಭಟ್ಟರೊಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಕಾವಲಿಯ ಕಟ್ಟೆ ಅವರ ಎತ್ತರಕ್ಕೆ ತುಸು ತಗ್ಗಾಗಿತ್ತು. ಹಿಟ್ಟು ಹರಡುವಾಗ, ಎಣ್ಣೆ ಹಾಕುವಾಗ, ದೋಸೆ ಎಬ್ಬಿಸಿ ಮಡಿಸುವಾಗ, ಪ್ರತಿಸಲವೂ ಅವರು ಸೊಂಟದಿಂದ ಮುಂದಕ್ಕೆ ಬಾಗಬೇಕಾಗುತ್ತಿತ್ತು. ಬೆಳಗ್ಗೆ ಐದಕ್ಕೆ ಹಿಟ್ಟಿನ ದೊಡ್ಡ ಪಾತ್ರೆಗಳನ್ನು ಎತ್ತಿ ತಂದಿಡುವ ಕೆಲಸವೂ ಅವರದೇ. ನೋವು ತೊಡೆಯಿಂದ ಮೀನಖಂಡದವರೆಗೆ ಇಳಿಯತೊಡಗಿದ ಮೇಲೆ ಅವರು ಎಣ್ಣೆಯ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, ಒಂದು ಕಾಲನ್ನು ಅದರ ಮೇಲಿಟ್ಟು, ಭಾರವನ್ನು ಅತ್ತಿತ್ತ ಬದಲಿಸುತ್ತ ನಿಲ್ಲುವುದನ್ನು ರೂಢಿಸಿಕೊಂಡರು. ಎದುರಿನ ಮೆಡಿಕಲ್ ಅಂಗಡಿಯವನು ಚೀಟಿ ಕೇಳದೆ ಕೊಡುತ್ತಿದ್ದ ನೋವಿನ ಗುಳಿಗೆಯನ್ನು ಬೆಳಗಿನ ಚಹಾದ ಜೊತೆ ಒಂದು, ಸಂಜೆಯ ಚಹಾದ ಜೊತೆ ಒಂದು ನುಂಗುತ್ತಿದ್ದರು. ಹೊಟ್ಟೆಯುರಿ ಶುರುವಾದಾಗ ಅದಕ್ಕೆ ಇನ್ನೊಂದು ಗುಳಿಗೆ ಸೇರಿಕೊಂಡಿತು.

ಮಾಲೀಕರು ಕಠೋರ ಮನುಷ್ಯರೇನಲ್ಲ. “ಭಟ್ರೇ, ನಾಲ್ಕು ದಿನ ಮಲಗಿ ಸುಧಾರಿಸಿಕೊಂಡು ಬನ್ನಿ” ಎಂದು ಅವರು ಹೇಳಿದಾಗ ನಾನು ಗಲ್ಲಾದ ಪಕ್ಕದಲ್ಲೇ ಕುಳಿತಿದ್ದೆ. “ಮಲಗಿದರೆ ಆಮೇಲೆ ಏಳಲಿಕ್ಕೇ ಆಗುವುದಿಲ್ಲ ಶೆಟ್ರೇ, ನಿಂತಿದ್ದರೇ ವಾಸಿ” ಎಂದು ಭಟ್ಟರು ಉತ್ತರಿಸಿದರು. ಇಂಥ ಬೆನ್ನುನೋವಿಗೆ ಹಾಸಿಗೆ ಹಿಡಿದು ಮಲಗುವುದು ಔಷಧವಲ್ಲವೆಂದು, ಕೈಲಾದಷ್ಟು ಓಡಾಡಿಕೊಂಡಿರುವುದೇ ಮೇಲೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಭಟ್ಟರ ದೇಹಕ್ಕೆ ಅದು ಮೊದಲೇ ತಿಳಿದಿತ್ತು. ಯಾವ ಬಗೆಯ ಓಡಾಟ, ಎಷ್ಟು, ಯಾವ ವ್ಯಾಯಾಮದೊಡನೆ ಎಂಬುದನ್ನು ಹೇಳಿಕೊಡುವವರು ಅವರಿಗೆ ಸಿಗಲಿಲ್ಲ. ಕೆಲವು ತಿಂಗಳ ಬಳಿಕ ಅವರು ಮತ್ಸ್ಯಗಂಧಾ ರೈಲು ಹತ್ತಿದರು. ಊರಿನಲ್ಲಿ ಹೆಂಡತಿ ಬೀಡಿ ಕಟ್ಟುವ ಹೊತ್ತನ್ನು ರಾತ್ರಿಗೂ ವಿಸ್ತರಿಸಿದರು. ಪಿಯುಸಿ ಓದುತ್ತಿದ್ದ ಮಗ ಕಾಲೇಜು ಬಿಟ್ಟು ಅದೇ ಹೋಟೆಲಿಗೆ ಕ್ಲೀನರಾಗಿ ಬಂದು ಸೇರಿದ. ನನ್ನ ಪುಸ್ತಕದಲ್ಲಿ ಒಂದು ಹೆಸರು ಹೋಗಿ, ಅದಕ್ಕಿಂತ ಕಡಿಮೆ ಸಂಬಳದ ಇನ್ನೊಂದು ಹೆಸರು ಬಂತು. ಜಮಾಖರ್ಚಿನಲ್ಲಿ ನೋಡಿದರೆ ಉಳಿತಾಯವಾದಂತೆಯೇ ಕಾಣುತ್ತಿತ್ತು.

ಇದನ್ನೇ ಸರಳ ಲೆಕ್ಕದಲ್ಲಿ ಇಟ್ಟು ನೋಡಬಹುದು. ತಿಂಗಳಿಗೆ 26 ದಿನದ ದುಡಿಮೆಗೆ 24,000 ರೂಪಾಯಿ ಪಡೆಯುವ ಒಬ್ಬ ಅಡುಗೆಯವರು ನೋವಿನಿಂದಾಗಿ ತಿಂಗಳಿಗೆ 8 ದಿನ ಕೆಲಸ ತಪ್ಪಿಸಿಕೊಂಡರೆಂದು ಇಟ್ಟುಕೊಳ್ಳೋಣ. ಕಳೆದುಹೋಗುವ ಸಂಬಳ ತಿಂಗಳಿಗೆ ಸುಮಾರು 7,400 ರೂಪಾಯಿ, ಆರು ತಿಂಗಳಿಗೆ 44,000 ರೂಪಾಯಿಗೂ ಮೇಲೆ. ಫಿಜಿಯೋಥೆರಪಿಗೆ ಒಂದು ಸಲಕ್ಕೆ 500 ರೂಪಾಯಿಯಂತೆ ವಾರಕ್ಕೆ ಎರಡು ಸಲ, ಹನ್ನೆರಡು ವಾರ ಹೋದರೆ 12,000 ರೂಪಾಯಿ. ಡಾಕ್ಟರ ಫೀಜಿಗೂ ಔಷಧಕ್ಕೂ ಇನ್ನು 3,000 ಸೇರಿಸಿದರೂ 15,000 ರೂಪಾಯಿಗೆ ನಿಲ್ಲುತ್ತದೆ. ಆ ಚಿಕಿತ್ಸೆಯ ಫಲವಾಗಿ, ನೋವಿನಿಂದ ತಪ್ಪುತ್ತಿದ್ದ ದಿನಗಳಲ್ಲಿ ಅರ್ಧದಷ್ಟು ಉಳಿದರೂ ಆರು ತಿಂಗಳೊಳಗೆ ಹಾಕಿದ ಹಣ ಹಿಂದಕ್ಕೆ ಬಂದು ಮೇಲಿಷ್ಟು ಮಿಗುತ್ತದೆ. ಬದಲಿ ಭಟ್ಟರನ್ನು ಹುಡುಕುವ ತಾಪತ್ರಯ, ಅವರ ಕೈ ಪಳಗುವವರೆಗೆ ಹಾಳಾಗುವ ಹಿಟ್ಟು, ರುಚಿ ಬದಲಾಯಿತೆಂದು ಬೇರೆ ಹೋಟೆಲಿಗೆ ನಡೆದ ಗಿರಾಕಿಗಳು, ಇವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಓದು ಬಿಟ್ಟ ಹುಡುಗನ ಮುಂದಿನ ನಲವತ್ತು ವರ್ಷಗಳ ಗಳಿಕೆಯನ್ನಂತೂ ಯಾವ ಕಾಲಂನಲ್ಲಿ ಬರೆಯಬೇಕೆಂಬುದೇ ಪ್ರಶ್ನೆ.

ದೇಶಗಳ ಮಟ್ಟದಲ್ಲಿಯೂ ಲೆಕ್ಕ ಇದೇ ದಿಕ್ಕಿನಲ್ಲಿ ಸಾಗುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತೆಂದೂ, 2050ರ ಹೊತ್ತಿಗೆ ಅದು 84.3 ಕೋಟಿಗೆ ಏರಬಹುದೆಂದೂ ಜಾಗತಿಕ ರೋಗಭಾರದ ಅಧ್ಯಯನ ಅಂದಾಜು ಮಾಡಿದೆ. ಮನುಷ್ಯರು ಆಯುಷ್ಯದಲ್ಲಿ ಅಂಗವೈಕಲ್ಯದೊಡನೆ ಕಳೆಯುವ ವರ್ಷಗಳಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ಪ್ರಕಟಿಸಿದ ವರದಿ, ದೀರ್ಘಕಾಲದ ನೋವಿನಿಂದ ಆ ದೇಶಕ್ಕೆ ವರ್ಷಕ್ಕೆ 56,000 ಕೋಟಿಯಿಂದ 63,500 ಕೋಟಿ ಡಾಲರ್‌ವರೆಗೆ ಹೊರೆ ಬೀಳುತ್ತದೆಂದು ಲೆಕ್ಕ ಹಾಕಿತು. ಹೃದ್ರೋಗ, ಕ್ಯಾನ್ಸರ್, ಮಧುಮೇಹ, ಈ ಮೂರರಲ್ಲಿ ಯಾವುದಕ್ಕೂ ಆಗ ಅಷ್ಟು ಹೊರೆ ಇರಲಿಲ್ಲ. ಆ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಸ್ಪತ್ರೆಯ ಖರ್ಚಲ್ಲ, ಕಳೆದುಹೋದ ದುಡಿಮೆ. ಅಮೆರಿಕದಲ್ಲಿ ಆ ದುಡಿಮೆಗೆ ದಾಖಲೆ ಇದೆ. ನಮ್ಮಲ್ಲಿ ದಿನಗೂಲಿಯವರು, ಮನೆಗೆಲಸದವರು, ಹೋಟೆಲಿನ ಮಾಣಿಗಳು ಮನೆಯಲ್ಲಿ ಕುಳಿತ ದಿನವನ್ನು ಬರೆದಿಡುವವರಿಲ್ಲ.

ಹಾಗೆಂದು ನೋವಿನ ಹೆಸರಿನಲ್ಲಿ ಮಾಡಿದ ಖರ್ಚೆಲ್ಲ ಚಿಕಿತ್ಸೆ ಎನಿಸಿಕೊಳ್ಳುವುದಿಲ್ಲ, ಮತ್ತು ಈ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ನಮ್ಮವರು ಹಣವನ್ನೇ ಖರ್ಚು ಮಾಡುವುದಿಲ್ಲವೆಂದಲ್ಲ. ತಡಮಾಡಿ, ತಪ್ಪು ಜಾಗದಲ್ಲಿ, ಒಟ್ಟಿಗೆ ದೊಡ್ಡ ಮೊತ್ತವನ್ನು ಸುರಿಯುತ್ತಾರೆ. ಮೊದಲ ಎರಡು ವರ್ಷ ಬಾಮು, ಗುಳಿಗೆ, ಸೊಂಟದ ಬೆಲ್ಟು. ಮೂರನೆಯ ವರ್ಷ ಸಾಲ ಮಾಡಿ ಎಂಆರ್‌ಐ. ಅದರಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಉಬ್ಬಿದೆ ಎಂಬ ಮಾತು ಕಂಡ ಕೂಡಲೇ ಮನೆಮಂದಿಯೆಲ್ಲ ನಡುಗುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶಾ ಅಧ್ಯಯನದ ಪ್ರಕಾರ, ಬೆನ್ನುನೋವೇ ಇಲ್ಲದ ಇಪ್ಪತ್ತು ವರ್ಷ ವಯಸ್ಸಿನವರಲ್ಲಿ ಕೂಡ ಶೇ. 37 ಮಂದಿಯ ಸ್ಕ್ಯಾನಿನಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ಎಂಬತ್ತರ ವಯಸ್ಸಿನಲ್ಲಿ ಅದು ಶೇ. 96. ತಲೆಗೂದಲು ನೆರೆಯುವಂತೆ ಇದೂ ವಯಸ್ಸಿನ ಗುರುತು, ಬಹಳ ಸಲ ನೋವಿನ ಕಾರಣವೇ ಅಲ್ಲ. ಸ್ಕ್ಯಾನ್ ಅತ್ಯಗತ್ಯವಾಗುವ ಸಂದರ್ಭಗಳು ಬೇರೆ ಇವೆ: ಕಾಲಿನ ಶಕ್ತಿ ಕುಂದುವುದು, ಗುಪ್ತಾಂಗದ ಸುತ್ತ ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ಒಂದು ದಿನವನ್ನೂ ಕಾಯದೆ ವೈದ್ಯರನ್ನು ಕಾಣಲೇಬೇಕು.

ಗುಳಿಗೆಗಳ ವಿಷಯವನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಡೈಕ್ಲೋಫಿನ್ಯಾಕ್‌ನಂಥ ನೋವುನಿವಾರಕಗಳನ್ನು ಕೆಲವು ದಿನ, ವೈದ್ಯರ ಮಾತಿನಂತೆ ತೆಗೆದುಕೊಳ್ಳುವುದಕ್ಕೂ, ವರ್ಷಗಟ್ಟಲೆ ತಿಂಡಿಯ ಹಾಗೆ ನುಂಗುವುದಕ್ಕೂ ಬಹಳ ವ್ಯತ್ಯಾಸವಿದೆ. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುವುದು, ಮೂತ್ರಪಿಂಡ ಕೆಡುವುದು, ರಕ್ತದೊತ್ತಡ ಏರುವುದು, ಹೃದಯಕ್ಕೆ ಅಪಾಯ ಹೆಚ್ಚುವುದು ಇವುಗಳ ತಿಳಿದಿರುವ ಪರಿಣಾಮಗಳು. ಬಿಸಿ ಅಡುಗೆಮನೆಯಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದು ದುಡಿಯುವವರ ಮೂತ್ರಪಿಂಡಕ್ಕೆ ಅಪಾಯ ಇನ್ನೂ ಹೆಚ್ಚು. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ಗಿಡಮೂಲಿಕೆ ಪುಡಿ’ಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾದ ಉದಾಹರಣೆಗಳಿವೆ. ಎರಡೇ ದಿನದಲ್ಲಿ ನೋವು ಮಾಯವಾಯಿತೆಂದು ಹೊಗಳುವ ಪುಡಿಯನ್ನು ನಾನು ಯಾರ ಮನೆಯಲ್ಲಿ ಕಂಡರೂ ಎಸೆಯಿರೆಂದು ಬೇಡಿಕೊಳ್ಳುವುದಿಲ್ಲ; ಹಲವು ತಿಂಗಳಿಂದ ತೆಗೆದುಕೊಳ್ಳುತ್ತಿದ್ದರೆ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ಆ ಪೊಟ್ಟಣವನ್ನು ವೈದ್ಯರ ಮೇಜಿನ ಮೇಲಿಟ್ಟು ತೋರಿಸಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಾದರೆ ಫಲ ಕೊಡುವ ಚಿಕಿತ್ಸೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನೋವನ್ನು ಕುರಿತು ರೋಗಿಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮಾಲೀಸಿನಂಥ ಕೆಲವು ಕೈಚಿಕಿತ್ಸೆಗಳು, ಮನಸ್ಸಿಗೆ ಬೇಕಾದ ಆಪ್ತಸಲಹೆ, ಅಗತ್ಯಕ್ಕೆ ತಕ್ಕಂತೆ ನೋವುನಿವಾರಕ, ಇವನ್ನು ಅದು ಸೂಚಿಸುತ್ತದೆ. ಸೊಂಟದ ಬೆಲ್ಟನ್ನು, ಬೆನ್ನು ಎಳೆಯುವ ಟ್ರ್ಯಾಕ್ಷನ್ನನ್ನು, ಅಫೀಮು ಮೂಲದ ಔಷಧಗಳನ್ನು ಮಾಮೂಲಿಯಾಗಿ ಬಳಸಬಾರದೆನ್ನುತ್ತದೆ. ಲೋಕಲ್ ರೈಲಿನಲ್ಲಿ ನನ್ನ ಎದುರು ನಿಲ್ಲುವ ಎಷ್ಟೋ ಜನರ ಅಂಗಿಯ ಒಳಗಿಂದ ಬೆಲ್ಟಿನ ಅಂಚು ಕಾಣುತ್ತಿರುತ್ತದೆ. ಆ ಬೆಲ್ಟಿನ ದುಡ್ಡಿಗೆ ಒಂದೆರಡು ಸಲ ಫಿಜಿಯೋಥೆರಪಿಸ್ಟರನ್ನು ಕಾಣಬಹುದಿತ್ತು ಎಂದು ನನಗೆ ಪ್ರತಿಸಲವೂ ಅನಿಸುತ್ತದೆ.

ಹಣದ ಲೆಕ್ಕಕ್ಕೆ ನೇರವಾಗಿ ಉತ್ತರ ಕೊಡುವ ಅಧ್ಯಯನಗಳೂ ಬಂದಿವೆ. ದೇಹ, ಮನಸ್ಸು, ಕೆಲಸದ ಪರಿಸರ ಮೂರನ್ನೂ ಒಟ್ಟಿಗೆ ನೋಡುವ ತಂಡದ ಚಿಕಿತ್ಸೆಯನ್ನು ಕುರಿತ 41 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬರಿಯ ದೈಹಿಕ ಚಿಕಿತ್ಸೆ ಪಡೆದವರಿಗಿಂತ ಇವರು ಕೆಲಸದಲ್ಲಿ ಉಳಿಯುವ ಸಂಭವ ಹೆಚ್ಚೆಂದು ಕಂಡುಬಂತು. ಆಸ್ಟ್ರೇಲಿಯದಲ್ಲಿ 492 ಮಂದಿಯ ಮೇಲೆ ನಡೆದು 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಾದ ಫಿಜಿಯೋಥೆರಪಿಸ್ಟರು ರೋಗಿಯ ಭಯವನ್ನು ಬಿಡಿಸುತ್ತ, ತಪ್ಪಿಸಿಕೊಂಡ ಚಲನೆಗಳನ್ನು ಮತ್ತೆ ಕಲಿಸುತ್ತ ಕೆಲವೇ ಭೇಟಿಗಳಲ್ಲಿ ಕೊಟ್ಟ ಚಿಕಿತ್ಸೆಯಿಂದ ಒಂದು ವರ್ಷದಲ್ಲಿ ತಲೆಗೆ 5,000 ಆಸ್ಟ್ರೇಲಿಯನ್ ಡಾಲರ್‌ಗೂ ಮಿಕ್ಕಿ ಸಮಾಜಕ್ಕೆ ಉಳಿತಾಯವಾಯಿತು. ಅದರಲ್ಲಿ ಬಹುಪಾಲು ಬಂದದ್ದು ದುಡಿಮೆ ಉಳಿದದ್ದರಿಂದ. ಅದೇ ದೇಶದ 2024ರ ಇನ್ನೊಂದು ಪ್ರಯೋಗದಲ್ಲಿ, ಬೆನ್ನುನೋವಿನಿಂದ ಚೇತರಿಸಿಕೊಂಡವರಿಗೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸುವುದನ್ನು ಕಲಿಸಿದಾಗ ನೋವು ಮರಳುವುದಕ್ಕೆ ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು, ಕಲಿಸದವರಲ್ಲಿ 112 ದಿನ. ನಡಿಗೆಗೆ ಮೀಟರು ಓಡುವುದಿಲ್ಲ. ದಾದರಿನ ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಬೆಳಗ್ಗೆ ಸಂಜೆ ಯಾರು ಬೇಕಾದರೂ ನಡೆಯಬಹುದು.

ಚಿಕಿತ್ಸೆ ಅಗ್ಗವಾಗಿಯೇ ಇದ್ದರೂ ಅದಕ್ಕೆ ಹಣ ಕಟ್ಟುವ ವ್ಯವಸ್ಥೆ ನಮ್ಮಲ್ಲಿ ತಲೆಕೆಳಗಾಗಿದೆ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ 24 ಗಂಟೆ ದಾಖಲಾದರೆ ಬಾಯಿ ಬಿಡುತ್ತದೆ. ಆಯುಷ್ಮಾನ್ ಭಾರತ ಯೋಜನೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ, ಅದೂ ಒಳರೋಗಿಗಳಿಗೇ. ಬೆನ್ನಿನ ಆಪರೇಷನ್ನಿಗೆ ಲಕ್ಷಗಟ್ಟಲೆ ಹಣ ಬಿಡುಗಡೆಯಾದೀತು; ಆಪರೇಷನ್ನನ್ನೇ ತಪ್ಪಿಸಬಲ್ಲ ಹನ್ನೆರಡು ವಾರಗಳ ವ್ಯಾಯಾಮ ಚಿಕಿತ್ಸೆ ಜೇಬಿನಿಂದಲೇ ಹೋಗಬೇಕು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನರು ತಮ್ಮ ಕೈಯಿಂದಲೇ ಭರಿಸಿದ್ದಾರೆ. ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೂ ಸಾಕ್ಷಿ ಇದೆ: 2017ರ ಆಗಸ್ಟಿನಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದಾಗ ದರ ಗಣನೀಯವಾಗಿ ಇಳಿಯಿತು. ಮಂಡಿ ಬದಲಿಸುವ ಹಂತಕ್ಕೆ ಹೋಗುವ ಮೊದಲಿನ ಹತ್ತು ವರ್ಷಗಳ ಆರೈಕೆಗೂ ಅಷ್ಟೇ ಗಮನ ಸಿಗಬೇಕು.

ಹೋಟೆಲಿನವರಿಗೆ ಹತ್ತಿರವಾದ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯವಸ್ಥೆಯಲ್ಲಿ ನನ್ನನ್ನು ಬಹಳ ಕಾಡುವ ಒಂದು ಸಂಗತಿ ಇದೆ. ಅನಾರೋಗ್ಯದಿಂದ ಕೆಲಸ ತಪ್ಪಿದವರಿಗೆ ಸಂಬಳದ ಶೇ. 70ರಷ್ಟು ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ; ಎಂದರೆ ಮೂರು ತಿಂಗಳು. ವೈದ್ಯಶಾಸ್ತ್ರದ ಪ್ರಕಾರ ದೀರ್ಘಕಾಲದ ನೋವು ಆರಂಭವಾಗುವುದೇ ಆ ಮೂರು ತಿಂಗಳ ಆಚೆಗೆ. ಅದಕ್ಕಿಂತ ಹೆಚ್ಚಿನ ಅವಧಿಯ ಭತ್ಯೆಗೆ ನಿಗದಿಪಡಿಸಿದ ಕಾಯಿಲೆಗಳ ಪಟ್ಟಿಯಲ್ಲಿ ಡಿಸ್ಕ್ ಜಾರುವುದಕ್ಕೆ ಸ್ಥಾನವಿದೆ, ದೀರ್ಘಕಾಲದ ನೋವಿಗೆಂದೇ ಒಂದು ಸ್ಥಾನವಿಲ್ಲ. ಹೀಗಾಗಿ ಬೇಡದ ಸ್ಕ್ಯಾನಿಗೂ, ಅದರಲ್ಲಿ ಏನಾದರೂ ಕಾಣಲಿ ಎಂಬ ಹಂಬಲಕ್ಕೂ ನಿಯಮವೇ ದಾರಿ ಮಾಡಿಕೊಡುತ್ತದೆ. ಪರೇಲಿನ ಕೆಇಎಂ, ಸಾಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್ಲಿನ ನಾಯರ್ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನ ಫಿಜಿಯೋಥೆರಪಿ ವಿಭಾಗಗಳಿವೆ. ದಿನಗೂಲಿಯವರು ಅಲ್ಲಿ ಸಾಲಿನಲ್ಲಿ ನಿಂತ ಬೆಳಗು ಸಂಬಳವಿಲ್ಲದ ಬೆಳಗಾಗುತ್ತದೆ. ವಾರಕ್ಕೆ ಎರಡು ಸಲ ಬನ್ನಿ ಎಂದಾಗ ಅವರು ಎರಡನೆಯ ವಾರಕ್ಕೇ ನಿಲ್ಲಿಸುವುದು ಉದಾಸೀನದಿಂದಲ್ಲ.

ಹೆಂಗಸರ ನೋವು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಊಟದ ಡಬ್ಬ ಮಾಡಿಕೊಡುವ ಅಕ್ಕ ಒಬ್ಬರಿದ್ದಾರೆ. ಮಂಡಿನೋವು ಬಂದ ಮೇಲೆ ನೆಲದ ಮೇಲೆ ಕುಳಿತು ಚಪಾತಿ ಲಟ್ಟಿಸುವುದನ್ನು ಬಿಟ್ಟು ಎತ್ತರದ ಸ್ಟೂಲಿಗೆ ಬದಲಾಯಿಸಿಕೊಂಡರು. ಲಿಫ್ಟ್ ಇಲ್ಲದ ಕಟ್ಟಡವಾದ್ದರಿಂದ ತರಕಾರಿ ತರುವ ಕೆಲಸ ಮಗಳ ಪಾಲಿಗೆ ಬಂತು. ಡಬ್ಬಗಳ ಸಂಖ್ಯೆ ಕಡಿಮೆಯಾಯಿತು. “ಅಕ್ಕ, ಡಾಕ್ಟರಿಗೆ ತೋರಿಸಲಿಲ್ಲವೇ?” ಎಂದು ಕೇಳಿದರೆ, “ಇವರ ಬಿಪಿ, ಸಕ್ಕರೆ ಮಾತ್ರೆಗೇ ತಿಂಗಳಿಗೆ ಇಷ್ಟಾಗುತ್ತದೆ, ನನ್ನದೇನು ಮಹಾ” ಎಂದರು. ಮನೆಯ ಔಷಧದ ಬಜೆಟ್ಟಿನಲ್ಲಿ ತಾಯಿಯ ಮಂಡಿ ಕೊನೆಯ ಸಾಲಿನಲ್ಲಿರುವುದು ಅವರ ಮನೆಯೊಂದರಲ್ಲೇ ಅಲ್ಲ. ತೊಡೆಯ ಸ್ನಾಯುಗಳನ್ನು ಗಟ್ಟಿ ಮಾಡುವ ನಾಲ್ಕಾರು ವ್ಯಾಯಾಮಗಳು, ತೂಕ ತುಸು ಇಳಿಸುವುದು, ಸರಿಯಾದ ಪಾದರಕ್ಷೆ, ಇಷ್ಟರಿಂದಲೇ ಸವೆದ ಮಂಡಿಯ ನೋವು ಬಹಳ ಜನರಿಗೆ ತಗ್ಗುತ್ತದೆ.

ನೋವು ಕಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ಅದರ ಜೊತೆ ಅನುಮಾನವೂ ಬರುತ್ತದೆ. ಮುಂಬಯಿಯ ಲೋಕಲ್ ರೈಲಿನಲ್ಲಿ ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಗರ್ಭಿಣಿಯರಿಗೂ ಅವಕಾಶವಿದೆ. ಕೈಯಲ್ಲಿ ಪ್ರಮಾಣಪತ್ರವಿಲ್ಲದ ನೋವಿನವರಿಗೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಸ್ಥಿತಿಗಳಲ್ಲಿ ದೀರ್ಘಕಾಲದ ನೋವು ಸೇರಿಲ್ಲ. ಡೊಂಬಿವಲಿಯಿಂದ ದಾದರಿನವರೆಗೆ ನೂಕುನುಗ್ಗಲಿನಲ್ಲಿ ನಿಂತು ಬಂದವರು ಕೆಲಸದ ಜಾಗದಲ್ಲಿ ಕುಳಿತರೆ ಸೋಮಾರಿ, ಮನೆಯಲ್ಲಿ ಮಲಗಿದರೆ ನಾಟಕ ಎನಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ನೋವು ತಿಂದವರಲ್ಲಿ ಖಿನ್ನತೆ ಸಾಮಾನ್ಯ. ಖಿನ್ನತೆಯಿಂದ ನೋವು ಮತ್ತಷ್ಟು ಬಲಿಯುತ್ತದೆ. ನಿದ್ದೆಗೆಂದು ಶುರುವಾದ ಕುಡಿತ ಸಂಸಾರವನ್ನು ನುಂಗಿದ್ದನ್ನೂ ನಾನು ನೋಡಿದ್ದೇನೆ. ಚಿಕಿತ್ಸೆಯ ಸಾಮಾಜಿಕ ಬೆಲೆ ಎಂದರೆ ನನ್ನ ದೃಷ್ಟಿಯಲ್ಲಿ ಮೊದಲಿಗೆ ಇದೇ: ‘ನಿಮ್ಮ ನೋವು ನಿಜ’ ಎಂದು ವೈದ್ಯರೊಬ್ಬರು ಮನೆಯವರ ಎದುರು ಹೇಳಿದಾಗ ಆ ಮನೆಯ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಕ್ಯಾನ್ಸರಿನ ನೋವನ್ನು ಇದರೊಡನೆ ಬೆರೆಸಬಾರದು. ಅಲ್ಲಿ ಅಫೀಮಿನಿಂದ ತೆಗೆದ ಮಾರ್ಫಿನ್ ಅನಿವಾರ್ಯವಾದ ಔಷಧ. ಪರೇಲಿನ ಟಾಟಾ ಆಸ್ಪತ್ರೆಗೆ ಕರ್ನಾಟಕದ ಊರುಗಳಿಂದಲೂ ರೋಗಿಗಳು ಬರುತ್ತಾರೆ, ಅವರ ಜೊತೆ ಬಂದವರಿಗೆ ಇಲ್ಲಿನ ನಮ್ಮ ಕನ್ನಡ ಸಂಘಗಳವರು ನೆರವಾಗುತ್ತಾರೆ. ‘ಅಫೀಮು ಕೊಟ್ಟರೆ ಚಟ ಹತ್ತುತ್ತದೆ’ ಎಂಬ ಭಯದಿಂದ ಕೊನೆಯ ದಿನಗಳಲ್ಲಿಯೂ ನರಳುವವರನ್ನು ಕಂಡು ಸಂಕಟವಾಗುತ್ತದೆ. ಮಾರ್ಫಿನ್ನಿನ ಮೂಲವಾದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು, ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ದೇಶ ನಮ್ಮದು. 1985ರ ಮಾದಕದ್ರವ್ಯ ಕಾಯ್ದೆಯಿಂದ ಆಸ್ಪತ್ರೆಗಳಿಗೆ ಉಂಟಾಗಿದ್ದ ಹಲವು ಪರವಾನಗಿಗಳ ತೊಡಕನ್ನು 2014ರ ತಿದ್ದುಪಡಿ ಸಡಿಲಿಸಿತು. ವೈದ್ಯರು ಬರೆದುಕೊಟ್ಟ ಅಳತೆಯಲ್ಲಿ ಕೊಡಲು ಮನೆಯವರು ಹೆದರಬೇಕಾಗಿಲ್ಲ.

ಮಾಲೀಕರಲ್ಲಿ ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಕಾವಲಿಯ ಕಟ್ಟೆಯನ್ನು ನಿಲ್ಲುವವರ ಎತ್ತರಕ್ಕೆ ತಕ್ಕಂತೆ ಏರಿಸಿ, ಅಥವಾ ತಗ್ಗಿಸಿ. ಒಬ್ಬ ಗಾರೆಯವನ ಒಂದೆರಡು ದಿನದ ಕೆಲಸ ಅದು. ಹಿಟ್ಟಿನ ಪಾತ್ರೆಗೆ ಚಕ್ರದ ಸ್ಟ್ಯಾಂಡ್ ಮಾಡಿಸಿ. ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಮಧ್ಯಾಹ್ನ ಮೂರರಿಂದ ಐದರವರೆಗೆ ಅಡುಗೆಮನೆ ತಣ್ಣಗಿರುವ ಹೊತ್ತಿನಲ್ಲಿ ಹತ್ತಿರದ ಫಿಜಿಯೋಥೆರಪಿಸ್ಟರ ಬಳಿ ಹೋಗಿ ಬರಲು ಬಿಡಿ, ಫೀಜಿನ ಅರ್ಧವನ್ನು ನೀವೇ ಕೊಡಿ. ಆ ಖರ್ಚನ್ನು ಸಿಬ್ಬಂದಿ ಕಲ್ಯಾಣದ ಹೆಸರಿನಲ್ಲಿ ಬರೆಯಲು ನನ್ನಂಥವರು ಇದ್ದೇವೆ. ಮೂರು ತಿಂಗಳು ತುಂಬುವುದಕ್ಕೆ ಮುಂಚೆಯೇ ಇದಾಗಬೇಕು, ಏಕೆಂದರೆ ಕೆಲಸದಿಂದ ದೂರವಿದ್ದ ಅವಧಿ ಬೆಳೆದಷ್ಟೂ ಮರಳಿ ಬರುವ ಸಂಭವ ಕುಗ್ಗುತ್ತ ಹೋಗುತ್ತದೆ.

ಮುಂಬಯಿಯ ನಮ್ಮ ಕನ್ನಡ ಸಂಘಗಳು, ಜಾತಿ ಸಮುದಾಯಗಳ ಸಂಘಗಳು ವರ್ಷವರ್ಷವೂ ಆರೋಗ್ಯ ಶಿಬಿರ ನಡೆಸುತ್ತವೆ. ಕಣ್ಣು, ಹಲ್ಲು, ಬಿಪಿ, ಸಕ್ಕರೆ ನೋಡುತ್ತಾರೆ, ಕನ್ನಡಕವನ್ನೂ ಹಂಚುತ್ತಾರೆ. ಆ ಮೇಜುಗಳ ಸಾಲಿನಲ್ಲಿ ನೋವಿಗೂ ಒಂದು ಮೇಜು ಇರಲಿ. ನೋವಿನ ಚಿಕಿತ್ಸೆ ಬಲ್ಲ ಒಬ್ಬ ಅರಿವಳಿಕೆ ತಜ್ಞರು, ಇಬ್ಬರು ಫಿಜಿಯೋಥೆರಪಿಸ್ಟರು, ಕನ್ನಡದಲ್ಲೋ ತುಳುವಿನಲ್ಲೋ ಸಮಾಧಾನವಾಗಿ ಮಾತಾಡಬಲ್ಲ ಒಬ್ಬ ಆಪ್ತಸಲಹೆಗಾರರು ಇದ್ದರೆ ಆರಂಭಕ್ಕೆ ಸಾಕು. ಶಿಬಿರದ ಫಾರ್ಮಿನಲ್ಲಿ ಎರಡು ಪ್ರಶ್ನೆ ಸೇರಿಸಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ: ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ನಿಮಗೆ ನೋವಿದೆಯೇ, ಅದರಿಂದ ಕಳೆದ ತಿಂಗಳು ಎಷ್ಟು ದಿನದ ಕೆಲಸ ತಪ್ಪಿತು? ಎರಡನೆಯ ಪ್ರಶ್ನೆ ಗೃಹಿಣಿಯರಿಗೂ ಅನ್ವಯಿಸುತ್ತದೆಂದು ಅದರ ಕೆಳಗೇ ಅಚ್ಚಾಗಬೇಕು. ಬಂದ ಉತ್ತರಗಳನ್ನು ಕೂಡಿಸಿ, ತಪ್ಪಿದ ದಿನಗಳ ಮೌಲ್ಯವನ್ನು ರೂಪಾಯಿಯಲ್ಲಿ ತೆಗೆದು, ಮಹಾಸಭೆಯ ವರದಿಯಲ್ಲಿ ಒಂದು ಪುಟವಾಗಿ ಸೇರಿಸಿಕೊಡುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ಬೇರೆ ಸಂಘಗಳವರು ಕೇಳಿದರೆ ಅವರಿಗೂ ಮಾಡಿಕೊಡುತ್ತೇನೆ.